ಎರಕದ ತಾತ ಬರೆಯಲು ಹೇಳಿದ್ದ ಒಂದು ಮಾತು

ಕಳೆದ ತಿಂಗಳು ಸಂತೆಬಾಚಹಳ್ಳಿಯ ನಾದಿನಿಯ ಮನೆಗೆ ಹೋಗಿದ್ದೆ. ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳಲು ಅವಳು ಜೇನುಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟೆ. ತಲೆ ಸುತ್ತಿತೇನೋ ಎಂದು ಅವಳು ಮಣೆ ಹಾಕಿದಳು, ನೀರು ಕೊಟ್ಟಳು. ನಾನು ಮಾತ್ರ ಅಲ್ಲಿರಲಿಲ್ಲ, ನಾಗಮಂಗಲದ ಎರಕದ ತಾತನ ಜಗಲಿಯ ಮೇಲಿದ್ದೆ…

ತೊಂಬತ್ತರ ದಶಕದ ಮಾತು. ಕ್ಯಾತನಹಳ್ಳಿಯ ಕಬ್ಬಿನ ಗದ್ದೆ ಬಿಟ್ಟು ನಾಗಮಂಗಲದ ಚಿಕ್ಕಮ್ಮನ ಮನೆ ಸೇರಿ, ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬಿ.ಎ. ಆಗಿತ್ತು, ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪಾಸಾಗಿತ್ತು. ಮೈತುಂಬ ಕೊಬ್ಬಿತ್ತು ಅನ್ನಿ. ಚಿಕ್ಕಮ್ಮನ ಮನೆಯ ಹಿಂದಿನ ಬೀದಿಯಲ್ಲೇ ತಾತನ ಮನೆ. ಪಂಚಲೋಹದ ಮೂರ್ತಿ ಎರಕ ಹೊಯ್ಯುವುದು ಅವರ ವಂಶದ ಕಸುಬು. ಶ್ರೀರಂಗಪಟ್ಟಣದ ಕಡೆಯಿಂದ ಕೆ.ಆರ್.ಪೇಟೆಯವರೆಗೆ ಎಷ್ಟೋ ಊರಿನ ಉತ್ಸವಮೂರ್ತಿಗಳು ಆ ಜಗಲಿಯಿಂದಲೇ ಹೋದವು. ಆದರೆ ಒಬ್ಬ ಮಗ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದ, ಇನ್ನೊಬ್ಬ ಬಸ್ಸಿನ ಬಾಡಿ ಕಟ್ಟುವ ಕಡೆ ಸೇರಿದ್ದ. ಕಲಿಯುವವರು ಯಾರೂ ಇರಲಿಲ್ಲ. ತಾತನಿಗೆ ಇದ್ದದ್ದು ಅದೊಂದೇ ಕೊರಗು.

ಒಂದು ಮಧ್ಯಾಹ್ನ ಅವರು ದಪ್ಪನೆಯ ಲಕೋಟೆ ಹಿಡಿದು ಅಂಗಡಿಗೆ ಬಂದರು. ವಿಜ್ಞಾನಕ್ಕೂ ಕಲೆಗೂ ಸೇರಿದ ರಾಷ್ಟ್ರೀಯ ಅಕಾಡೆಮಿಯೊಂದು ದೆಹಲಿಯಿಂದ ಕಳಿಸಿತ್ತು. ಅವರ ಕೆಲಸ ನೋಡಿಹೋದ ಯಾರೋ ಪುಣ್ಯಾತ್ಮರು ಹೆಸರು ಕೊಟ್ಟಿದ್ದರಂತೆ. ಅರ್ಜಿಯ ಜೊತೆಗೆ ಅಕಾಡೆಮಿಯ ಇತಿಹಾಸದ ಒಂದು ಪುಸ್ತಿಕೆಯೂ ಇತ್ತು. ಅರ್ಜಿ ಇರಲಿ, ಮೊದಲು ಇದನ್ನು ಓದಿ ಹೇಳು ಎಂದು ತಾತ ಸ್ಟೂಲಿನ ಮೇಲೆ ಕೂತೇಬಿಟ್ಟರು.

ಓದಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ವಿಜ್ಞಾನಿಗಳನ್ನೂ ಕಲಾವಿದರನ್ನೂ ಒಂದೇ ಸೂರಿನ ಕೆಳಗೆ ಕೂರಿಸಬೇಕೆಂದು ಹಿರಿಯರು ಕಟ್ಟಿದ ಸಂಸ್ಥೆ ಅದು. ಸರ್ಕಾರ ಖರ್ಚು ಕೊಟ್ಟರೂ ತೀರ್ಮಾನ ಮಾತ್ರ ಸದಸ್ಯರದೇ. ಇರುವ ಸದಸ್ಯರೇ ಹೊಸಬರನ್ನು ಆರಿಸುತ್ತಾರೆ. ಬಹಳ ಕಾಲ ಡಿಗ್ರಿ ಇದ್ದವರ ಕಡೆಗೇ ನೋಡುತ್ತಿದ್ದವರು, ಕೈಕೆಲಸದವರ ವಿದ್ಯೆಯೂ ವಿದ್ಯೆಯೇ ಎಂದು ಈಚೆಗೆ ಒಪ್ಪಿಕೊಂಡಿದ್ದರು. ಅಳಿದುಹೋಗುವಂಥ ಕಸುಬು ಎಲ್ಲೆಲ್ಲಿದೆ ಎಂದು ಹುಡುಕಿ ಬರೆದಿಡುವುದು ಅವರ ಹೊಸ ಯೋಜನೆ. ಆಯ್ಕೆಯಾದವರ ಮನೆಗೆ ಇಬ್ಬರು ಬಂದು, ತಿಂಗಳುಗಟ್ಟಲೆ ಇದ್ದು, ಫೋಟೋ ತೆಗೆದು, ಕೇಳಿ ಕೇಳಿ ಎಲ್ಲವನ್ನೂ ಪುಸ್ತಕ ಮಾಡುತ್ತಾರೆ.

ತಾತ ಬೀಡಿ ಹಚ್ಚುವುದನ್ನೂ ಮರೆತು ಕೇಳಿದರು. "ನಮ್ ಕಟ್ಟೆಮನೆ ಇದ್ದಂಗೆ ಕಣವ್ವ ಇದು. ಇರೀಕ್ರು ಕುಂತ್ಕಂಡು, ಇವನು ಸೈ ಅನ್ನೋದು," ಅಂದರು. ನ್ಯಾಯ ಪಂಚಾಯ್ತಿ ಮಾಡುವ ತಮ್ಮ ಕುಲದ ಹಿರಿಯರ ಸಭೆಗೆ ದೆಹಲಿಯ ಅಕಾಡೆಮಿಯನ್ನು ಹೋಲಿಸಿದರಲ್ಲ ಎಂದು ನನಗೆ ಒಳಗೊಳಗೇ ನಗು. ಈಗ ಅನ್ನಿಸುತ್ತದೆ, ಆ ಪುಸ್ತಿಕೆಯನ್ನು ನನಗಿಂತ ಅವರೇ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಪ್ರಶಸ್ತಿ, ಶಾಲು ಅಂದರೆ ಅದೆಲ್ಲ ಬೇಡ ಎಂದು ಕೈಯಾಡಿಸಿಬಿಟ್ಟರು. ಬರೆದುಕೊಳ್ಳೋರು ಬರ್ತಾರಲ್ಲ, ಅದು ನಿಜ ತಾನೇ ಎಂದು ಮೂರು ಸಲ ಕೇಳಿದರು.

ಅರ್ಜಿಯ ಜೊತೆ ಒಂದು ಮಾದರಿ ಮೂರ್ತಿ ಕಳಿಸಬೇಕಿತ್ತು. ಒಂಬತ್ತು ಅಂಗುಲದ ವೇಣುಗೋಪಾಲನನ್ನು ಕೈಗೆತ್ತಿಕೊಂಡರು. ಸಂಜೆ ಅಂಗಡಿ ಮುಚ್ಚಿದ ಮೇಲೆ ಅರ್ಜಿಯ ನೆಪದಲ್ಲಿ ನಾನೂ ಜಗಲಿಗೆ ಹೋಗಿ ಕೂರುತ್ತಿದ್ದೆ. ಮೇಣಕ್ಕೆ ರಾಳ ಸೇರಿಸಿ ಕಾಯಿಸಿ, ಅದನ್ನು ಬೆರಳಲ್ಲೇ ತೀಡಿ ತೀಡಿ ಕೊಳಲು, ಉಗುರು, ಉಡಿದಾರ ಎಲ್ಲ ಮಾಡಿದರು. ಮೇಲೆ ಹುತ್ತದ ಮಣ್ಣು ಮೆತ್ತಿದರು. ಸುಟ್ಟಾಗ ಮೇಣ ಹರಿದುಹೋಗಿ, ಅದಿದ್ದ ಜಾಗಕ್ಕೆ ಕಾದ ಲೋಹ ಇಳಿಯಿತು. ಮಣ್ಣು ಒಡೆದ ದಿನ ನನಗೇ ಕಣ್ಣಲ್ಲಿ ನೀರು ಬಂತು. ಅಷ್ಟು ಚೆಂದ! ಆದರೆ ರೆಪ್ಪೆಯ ಕೆಳಗೆ ಏನೂ ಕೊರೆದಿರಲಿಲ್ಲ, ಕಣ್ಣಿನ ಜಾಗ ನುಣ್ಣಗೆ ಹಾಗೇ ಇತ್ತು.

ಕೇಳಿದ್ದಕ್ಕೆ ತಾತ ಬಿಡಿಸಿ ಹೇಳಿದರು. ಪ್ರತಿಷ್ಠೆ ಮಾಡುವ ಜಾಗದಲ್ಲಿ, ಶಾಸ್ತ್ರ ಎಲ್ಲ ಮುಗಿದ ಮೇಲೆ, ಚಿನ್ನದ ಉಳಿಯಲ್ಲಿ ಕಣ್ಣು ತೆರೆಸುವುದು. ಅಲ್ಲಿಂದಾಚೆಗೆ ಅದು ದೇವರು. ದಿನಾ ನೀರು, ನೈವೇದ್ಯ ಆಗಲೇಬೇಕು. "ಆ ಆಪೀಸ್ನಲ್ಲಿ ಯಾರವ್ವ ನೀರು ಉಯ್ಯೋರು? ಅದ್ಕೇ ಕಣ್ಣು ತೆರ್ಸಿಲ್ಲ ಅಂತ ಅರ್ಜೀಲಿ ಬರಿ. ಮರೀಬ್ಯಾಡ ಮಗಾ."

ಮರೆತಿದ್ದರೆ ಚೆನ್ನಾಗಿತ್ತು. ನಾನು ಮರೆಯಲಿಲ್ಲ. 'ವಿಶೇಷ ವಿವರ' ಎಂಬ ಕಲಂ ಬಂದಾಗ ಬೆರಳು ನಿಲ್ಲಿಸಿ ಯೋಚನೆ ಮಾಡಿದೆ. ಅಷ್ಟೊಂದು ವಿಜ್ಞಾನಿಗಳು ಕೂತಿರುವ ಕಡೆ, ದೇವರಿಗೆ ನೀರು ಹಾಕುವವರಿಲ್ಲ ಎಂದು ಬರೆದರೆ ನಕ್ಕಾರು, ತಾತನನ್ನು ಮೌಢ್ಯದವನು ಅಂದಾರು ಅನ್ನಿಸಿತು. ತಾತನ ಮಾನ ಕಾಪಾಡುತ್ತಿದ್ದೇನೆ ಎಂದುಕೊಂಡೆ. ಸುಳ್ಳು! ನಾಚಿಕೆಯಾಗಿದ್ದು ನನಗೆ. ಟೈಪ್ ಮಾಡಿದವಳು ಇಂಥವಳು ಎಂದು ದೆಹಲಿಯವರಿಗೇನು ಗೊತ್ತಾಗುತ್ತಿತ್ತು, ನನ್ನ ತಲೆ. ಏನೂ ಇಲ್ಲ ಎನ್ನಲು ಇಂಗ್ಲಿಷಿನಲ್ಲಿ 'ನಿಲ್' ಎಂದು ಹೊಡೆದು ಕಾಗದ ಎಳೆದೆ. ತಾತ ಒಂದೊಂದೇ ಅಕ್ಷರ ಕೂಡಿಸಿ ಕೆಳಗೆ ರುಜು ಹಾಕಿದರು.

ಐದಾರು ತಿಂಗಳಿಗೆ ಮೂರ್ತಿ ವಾಪಸ್ಸು ಬಂತು. ಜೊತೆಗಿದ್ದ ಕಾಗದವನ್ನು ನಾನೇ ಓದಿ ಹೇಳಬೇಕಾಯಿತು. ಕೆಲಸ ಉತ್ತಮವಾಗಿದೆ, ಆದರೆ ಮುಖದ ಭಾಗ ಅಪೂರ್ಣವಾಗಿದೆ. ಪೂರ್ಣಗೊಳಿಸಿ ಕಳಿಸಿದರೆ ಮತ್ತೊಮ್ಮೆ ಪರಿಶೀಲಿಸುತ್ತೇವೆ ಎಂದಿತ್ತು. ಮರ್ಯಾದೆಯ ಕಾಗದವೇ. ಅವರನ್ನು ಬೈಯಲು ನನಗೆ ಬಾಯಿಲ್ಲ. ಎಷ್ಟು ದೊಡ್ಡ ಸಭೆಯಾದರೂ ನಮ್ಮೂರಿಂದ ಹೋದ ಕಾಗದದಲ್ಲಿ ಇದ್ದಷ್ಟೇ ತಾನೇ ಅವರಿಗೆ ತಿಳಿಯುವುದು.

ತಾತ ಮೂರ್ತಿಯನ್ನು ಪಂಚೆಯ ಸೆರಗಿನಲ್ಲಿ ಒರೆಸುತ್ತಾ ಕೂತಿದ್ದರು. ತಲೆ ಎತ್ತದೇ ಕೇಳಿದರು. "ಕಣ್ಣಿನ್ ಇಸ್ಯ ಬರ್ದಿದ್ದೆ ತಾನೇ ಮಗಾ?"

"ಬರ್ದಿದ್ದೆ ತಾತ," ಅಂದೆ.

"ಅಂಗಾರೆ ಓದಿ, ತಿಳ್ಕಂಡೇ ಬ್ಯಾಡ ಅಂದವ್ರೆ. ಓಗ್ಲಿ ಬುಡು."

ಕೋಪವಿಲ್ಲ, ಬೇಸರವೂ ಕಾಣಲಿಲ್ಲ. ಕಟ್ಟೆಮನೆಯ ತೀರ್ಮಾನಕ್ಕೆ ತಲೆಬಾಗುವ ಹಾಗೆ ಒಪ್ಪಿಕೊಂಡುಬಿಟ್ಟರು. ಬೈದಿದ್ದರೆ ನಾನು ಅಲ್ಲೇ ಅತ್ತು ಹೇಳಿಬಿಡುತ್ತಿದ್ದೆನೇನೋ. ಇನ್ನೂ ಕಾಲ ಮಿಂಚಿರಲಿಲ್ಲ. ನಾಲ್ಕು ಸಾಲು ಟೈಪ್ ಮಾಡಿ ಹಾಕಿದ್ದರೆ ಸಾಕಿತ್ತು. ಆದರೆ ಅದನ್ನು ಓದಿ ಅವರೇ ತಾತನ ಬಳಿ ಬಂದರೆ ನನ್ನ ಸುಳ್ಳು ಬಯಲಾಗುತ್ತದಲ್ಲ… ನಾಳೆ ಮಾಡೋಣ, ನಾಳೆ ಮಾಡೋಣ ಎಂದೇ ದಿನ ತಳ್ಳಿದೆ.

ಮರುವರ್ಷ ಪಾಂಡವಪುರದ ಕಾಲೇಜಿನ ಮೇಷ್ಟ್ರೊಬ್ಬರು ತಾವೇ ನೋಟ್‌ಬುಕ್ಕು ಹಿಡಿದು ಬಂದರು. ಎರಕದ ಕ್ರಮವೆಲ್ಲ ಹೇಳಿ, ಬರೆದುಕೊಳ್ಳುತ್ತೇನೆ ಎಂದು ಬೇಡಿಕೊಂಡರು. ತಾತ ಕಾಫಿ ಕೊಡಿಸಿ, ಅಂಥಾ ದೊಡ್ಡೋರೇ ತಿಳ್ಕಂಡು ಬ್ಯಾಡ ಅಂದ ಮೇಲೆ ನೀವ್ಯಾಕೆ ಕಷ್ಟ ಪಡ್ತೀರಿ ಎಂದು ಕೈಮುಗಿದು ಕಳಿಸಿದರು. ಆಗ ನಾನು ಅದೇ ಜಗಲಿಯ ಕಂಬ ಹಿಡಿದು ನಿಂತಿದ್ದೆ. ಮೇಷ್ಟ್ರು ಕುಡಿದಿಟ್ಟ ಲೋಟ ಎತ್ತಿ ಒಳಗಿಟ್ಟೆ. ನನಗೆ ಮದುವೆಯಾಗಿ ಊರು ಬಿಟ್ಟ ಎರಡನೇ ವರ್ಷ ತಾತ ತೀರಿಕೊಂಡರು. ಸುದ್ದಿ ತಿಳಿದಾಗ ಹನ್ನೊಂದನೇ ದಿನವೂ ಆಗಿಹೋಗಿತ್ತು.

ಕಳೆದ ತಿಂಗಳು ಆ ಅಡುಗೆಮನೆಯಲ್ಲೇ ಕೂತು ಇದನ್ನೆಲ್ಲ ಹೇಳಿದೆ. ನಾದಿನಿ ಎಲ್ಲ ಕೇಳಿಸಿಕೊಂಡು, ಅದಿರಲಿ, ಆ ಮೇಣಕ್ಕೆ ರಾಳ ಎಷ್ಟು ಪಾಲು ಹಾಕುತ್ತಿದ್ದರು ಎಂದು ಕೇಳಿದಳು. ಸುಮ್ಮನೆ ಕೇಳಿದ್ದು. ನನಗೆ ಗೊತ್ತಿರಲಿಲ್ಲ. ಅವರ ಮಕ್ಕಳಿಗೂ ಗೊತ್ತಿಲ್ಲ, ಈಗ ಯಾರಿಗೂ ಗೊತ್ತಿಲ್ಲ. ಅಷ್ಟು ಸಂಜೆ ಪಕ್ಕದಲ್ಲೇ ಕೂತಿದ್ದೆನಲ್ಲ, ಒಂದು ದಿನವೂ ಕೇಳಲಿಲ್ಲ.

ದೆಹಲಿಯವರು ಓದಿ ಬೇಡ ಅನ್ನಲಿಲ್ಲ ತಾತ. ನಾನು ಬರೆದೇ ಇರಲಿಲ್ಲ.