ಕ್ಲಚ್ ಅಕ್ಕ ಮತ್ತು ಒಂದು ತಪ್ಪು ಪ್ರಶ್ನೆ

ಕ್ಲಚ್ ಅಕ್ಕನ ನಿಜವಾದ ಹೆಸರು ಅವರ ಹತ್ತಿರ ಡ್ರೈವಿಂಗ್ ಕಲಿತ ಐನೂರು ಚಿಲ್ಲರೆ ಹೆಂಗಸರಲ್ಲಿ ಒಬ್ಬರಿಗೂ ಗೊತ್ತಿಲ್ಲ. ದಿನಕ್ಕೆ ಇನ್ನೂರು ಸಲ “ಕ್ಲಚ್! ಕ್ಲಚ್ ಒತ್ತಮ್ಮಾ ತಾಯಿ, ಕ್ಲಚ್!” ಎಂದು ಕೂಗುವವರಿಗೆ ಬೇರೆ ಹೆಸರು ಯಾಕೆ ಬೇಕು ಹೇಳಿ! ವಯಸ್ಸು ಐವತ್ತೆರಡು, ಗಿಡ್ಡ ಕೂದಲು, ಕಾಲಲ್ಲಿ ಕ್ಯಾನ್ವಾಸ್ ಶೂ, ಮೂರು ಬೀದಿ ಆಚೆಗೂ ಕೇಳಿಸುವ ಗಂಟಲು. ಕಲಿಯುವವರು ಸ್ಟೇರಿಂಗ್ ಹಿಡಿದರೆ ಅಕ್ಕ ಪಕ್ಕದ ಸೀಟಿನಲ್ಲಿ. ಅಲ್ಲಿ ಅವರ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇದೆ, ಕಲಿಸುವವರಿಗೆಂದೇ ಇಟ್ಟದ್ದು. ಇಪ್ಪತ್ಮೂರು ವರ್ಷದಲ್ಲಿ ಅದನ್ನು ಅನವಶ್ಯಕವಾಗಿ ಒಂದೇ ಒಂದು ಸಲವೂ ಒತ್ತಿಲ್ಲ ಎಂಬುದು ಅಕ್ಕನ ದೊಡ್ಡ ಹೆಮ್ಮೆ.

“ಬ್ರೇಕ್ ಅಂದ್ರೆ ಬೈಗುಳ ಇದ್ದ ಹಾಗೆ ಕಣ್ರೀ, ಸುಮ್‌ಸುಮ್ನೆ ಹಾಕಿದ್ರೆ ಅದಕ್ಕೆ ಮರ್ಯಾದೆ ಇರಲ್ಲ” ಎನ್ನುತ್ತಿದ್ದರು.

ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ಲ್ಯಾಬ್ ಮೇಡಂ ಕಲಿಯಲು ಬಂದರು. ಒಂದು ಸ್ಕೂಲಿನ ಪ್ರಯೋಗಶಾಲೆಯಲ್ಲಿ ಗಾಜಿನ ಬಾಟಲಿ, ಆಸಿಡ್ಡು, ಮಕ್ಕಳು ಎಲ್ಲವನ್ನೂ ಒಡೆಯದಂತೆ ನೋಡಿಕೊಳ್ಳುವುದು ಅವರ ಕೆಲಸ. ಅಷ್ಟು ಹುಷಾರಿನ ಕೈ ಸ್ಟೇರಿಂಗ್ ಮೇಲೆ ಬಂದರೆ ಮಾತ್ರ ಗಡಗಡ. ಡ್ರೈವಿಂಗ್ ಟೆಸ್ಟಿನಲ್ಲಿ ನಾಲ್ಕು ಸಲ ಫೇಲು! ಐದನೆಯ ಸಲ ಟೆಸ್ಟ್ ನಡೆಯುವ ಮೈದಾನದ ಗೇಟಿನ ಎದುರೇ ಗಾಡಿ ನಿಲ್ಲಿಸಿ, “ಗುರುಗಳೇ, ಇದು ನನ್ನ ಹಣೇಲಿ ಬರೆದಿಲ್ಲ. ನೀವೇ ಓಡ್ಸಿ, ನಾನು ಪಕ್ಕದಲ್ಲಿ ಕೂತ್ಕೋತೀನಿ” ಅಂದರು.

“ಎಷ್ಟು ದಿನ?” ಎಂದು ಅಕ್ಕ ತಮಾಷೆಗೆ ಕೇಳಿದರು.

“ನೀವು ಇಳಿ ಅನ್ನೋವರೆಗೂ.”

ಅಕ್ಕ ಇಳಿ ಅನ್ನಲೇ ಇಲ್ಲ. ಸ್ಟೇಷನರಿ ಅಂಗಡಿಯ ಮೇಲಿನ ಎರಡು ರೂಮಿನಲ್ಲಿ ಹದಿನಾರು ವರ್ಷ ಇಬ್ಬರೂ ಜೊತೆಗಿದ್ದರು. ಒಂದು ಮಂಚ, ಎರಡು ಕುರ್ಚಿ, ಟೀ ಎಷ್ಟು ಸ್ಟ್ರಾಂಗ್ ಇರಬೇಕು ಎಂಬ ಬಗ್ಗೆ ಒಂದು ಮುಗಿಯದ ಜಗಳ. ಹೊರಗಿನವರಿಗೆ ಅವರು “ರೂಮ್ ಶೇರ್ ಮಾಡ್ಕೊಂಡಿರೋರು”. ಅಂಗಡಿಯವನು ಬಾಡಿಗೆಗೆ ಬಂದವರು ಅಂದ, ಅಕ್ಕನ ಅತ್ತಿಗೆ “ಜೊತೆಗೆ ಒಬ್ರು ಇದ್ದಾರಲ್ಲ, ಒಳ್ಳೇದಾಯ್ತು” ಅಂದರು, ಯಾರೂ ಅದರಾಚೆ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಮೂರು ವರ್ಷದ ಹಿಂದೆ ಮೇಡಂ ಹಾರ್ಟ್ ಅಟ್ಯಾಕ್ ಆಗಿ ಹೋದರು. ಮೇಡಂ ಅವರ ತಮ್ಮ ಬಂದ, ಬಟ್ಟೆಬರೆ, ಪುಸ್ತಕ, ಗೋಡೆಯ ಮೇಲಿದ್ದ ಫೋಟೋ ಕೂಡ ಪ್ಯಾಕ್ ಮಾಡಿಕೊಂಡ. ಹೊರಡುವಾಗ ಕೈಮುಗಿದು, “ನೀವು ನಮ್ಮಕ್ಕನ ಜೊತೆ ಬಾಡಿಗೆಗೆ ಇದ್ದವ್ರಲ್ವಾ? ನೋಡ್ಕೊಂಡಿದ್ದಕ್ಕೆ ತುಂಬ ಥ್ಯಾಂಕ್ಸ್” ಅಂದ. ಪಾಪ, ಒಳ್ಳೆಯ ಹುಡುಗನೇ. ಅಕ್ಕ “ಪರವಾಗಿಲ್ಲಪ್ಪ” ಅಂದರು. ಮರುದಿನ ಬೆಳಿಗ್ಗೆ ಏಳಕ್ಕೆ ಬ್ಯಾಚ್ ಇತ್ತು. ಗೆಳತಿ ಸತ್ತಳೆಂದು ಯಾರು ರಜೆ ಕೊಡುತ್ತಾರೆ? ಅಕ್ಕ ಹೋದರು, ಎಂದಿಗಿಂತ ಜೋರಾಗಿ ಕ್ಲಚ್ ಕ್ಲಚ್ ಎಂದು ಕೂಗಿದರು, ಮನೆಗೆ ಬಂದು ಮಾತಾಡಲು ಬಾಯಿ ತೆರೆದರೆ ಎದುರಿಗಿದ್ದದ್ದು ಬರೀ ಕುರ್ಚಿ.

ಮುಟ್ಟು ನಿಂತು ಎರಡು ವರ್ಷವಾಗಿತ್ತು. ಒಂದು ದಿನ ಬಟ್ಟೆಯ ಮೇಲೆ ಕಲೆ ಕಂಡಿತು. ಅಕ್ಕ ಮೊದಲು ಸೀಟಿನದೇ ಏನೋ ತುಕ್ಕು ಅಂದುಕೊಂಡರಂತೆ! ಮತ್ತೆ ಹತ್ತು ದಿನಕ್ಕೆ ಇನ್ನೊಮ್ಮೆ. ಇಂಥದ್ದನ್ನೆಲ್ಲ ಮೇಡಂಗಾದರೆ ಅಡುಗೆಮನೆಯಿಂದಲೇ ಕೂಗಿ ಹೇಳಬಹುದಿತ್ತು, ಮೇಡಂ ಅಲ್ಲಿಂದಲೇ ಬೈದು ಡಾಕ್ಟರ ಹತ್ತಿರ ಅಟ್ಟುತ್ತಿದ್ದರು. ಈಗ ಅಟ್ಟುವವರಿಲ್ಲದೆ, ತಮ್ಮನ್ನು ತಾವೇ ಅಟ್ಟಿಕೊಂಡು ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದರು.

ಡಾಕ್ಟರ್ ಚೀಟಿಯಿಂದ ತಲೆ ಎತ್ತದೆ ಕೇಳಿದರು: “ಮದುವೆ ಆಗಿದ್ಯಾ?”

“ಇಲ್ಲ.”

“ಆಗೇ ಇಲ್ವಾ?”

“ಆಗೇ ಇಲ್ಲ.”

“ಸರಿ, ಹಾಗಾದ್ರೆ ಒಳಗಿನ ಪರೀಕ್ಷೆ ನಿಮ್ಗೆ ಬೇಡ. ಹಾರ್ಮೋನ್ ಏರುಪೇರು ಅಷ್ಟೆ. ಮಾತ್ರೆ ಬರೀತೀನಿ.”

ಅಕ್ಕನಿಗೆ ಮೊದಲು ಆದದ್ದು ಖುಷಿ, ನಿಜಕ್ಕೂ ಖುಷಿ! ಯಾರೂ ಮುಟ್ಟಲಿಲ್ಲ, ಯಾರೂ ಕೆದಕಲಿಲ್ಲ, ಐದೇ ನಿಮಿಷದಲ್ಲಿ ಪಾರು. ಮನೆಯ ಮೆಟ್ಟಿಲು ಹತ್ತುವಾಗ ಮಾತ್ರ ಬಾಯೆಲ್ಲ ಕಹಿಯಾಯಿತು. ಹದಿನಾರು ವರ್ಷವನ್ನು “ಇಲ್ಲ” ಎಂಬ ಎರಡಕ್ಷರದಲ್ಲಿ ಒರೆಸಿ ಹಾಕಿದ ಹಾಗೆ ಅನ್ನಿಸಿತು. ಆದರೂ ಸುಳ್ಳೇನೂ ಹೇಳಲಿಲ್ಲವಲ್ಲ, ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟೆನಲ್ಲ ಎಂದು ಸಮಾಧಾನ ಮಾಡಿಕೊಂಡರು. ಮಾತ್ರೆ ಮುಗಿಯಿತು. ಕಲೆ ನಿಲ್ಲಲಿಲ್ಲ. ನಾಲ್ಕು ತಿಂಗಳು ಹೀಗೇ ಹೋಯಿತು, ಸೀಟಿನ ಮೇಲೆ ಟವೆಲ್ ಹಾಸಿಕೊಂಡು, “ಬೆನ್ನು ನೋವು ಕಣ್ರೀ, ಮೆತ್ತಗಿರಲಿ ಅಂತ” ಎಂದು ಕಲಿಯುವವರಿಗೆ ಸಬೂಬು ಹೇಳಿಕೊಂಡು.

ಆಗ ಕಲಿಯಲು ಬಂದವರು ಸಿಸ್ಟರ್. ಹೆಂಗಸರ ಆಸ್ಪತ್ರೆಯೊಂದರಲ್ಲಿ ನರ್ಸ್, ಮೂವತ್ತೂ ಆಗಿಲ್ಲ, ಮಾತು ನಿಲ್ಲಿಸಲೂ ಬಾರದು, ಗಾಡಿ ನಿಲ್ಲಿಸಲೂ ಬಾರದು.

“ಸಿಸ್ಟರ್, ಇಂಜೆಕ್ಷನ್ ಚುಚ್ಚೋವಾಗ ಹೀಗೇ ಮಾತಾಡ್ತೀರಾ?”

“ಮಾತಾಡಿದ್ರೇನೇ ಅಕ್ಕ, ಅವರಿಗೆ ನೋವು ಗೊತ್ತಾಗಲ್ಲ.”

“ನಂಗೆ ಗೊತ್ತಾಗ್ತಿದೆ. ಗೇರ್ ಬಾಕ್ಸ್ ಅಳ್ತಾ ಇದೆ, ಕ್ಲಚ್ ಒತ್ತಿ!”

ಹನ್ನೊಂದನೆಯ ಕ್ಲಾಸು. ಬೆಳಗಿನ ಖಾಲಿ ರಸ್ತೆ, ಮೂರನೆಯ ಗೇರು. ಸಿಸ್ಟರ್ ತಮ್ಮ ಹೊಸ ಡಾಕ್ಟರನ್ನು ಹೊಗಳುತ್ತಿದ್ದರು.

“ನಮ್ಮ ಹೊಸ ಡಾಕ್ಟರಮ್ಮ ‘ಮದುವೆ ಆಗಿದ್ಯಾ’ ಅಂತ ಕೇಳೋದನ್ನೇ ನಿಲ್ಲಿಸಿದ್ದಾರೆ ಅಕ್ಕ. ಹಳೇ ಡಾಕ್ಟ್ರುಗಳದ್ದೆಲ್ಲ ಒಂದೇ ಗಲಾಟೆ. ಡಾಕ್ಟರಮ್ಮ ಹೇಳ್ತಾರೆ, ಆ ಪ್ರಶ್ನೆ ಮದುವೆ ಬಗ್ಗೆ ಅಲ್ಲವೇ ಅಲ್ಲ, ಮತ್ಯಾಕೆ ಹಾಗೆ ಕೇಳ್ಬೇಕು ಅಂತ—”

ಗಾಡಿ ಕಿರ್ರನೆ ನಿಂತಿತು. ಇಬ್ಬರೂ ಮುಂದಕ್ಕೆ ತೂರಿ ಬೆಲ್ಟಿಗೆ ಸಿಕ್ಕಿಕೊಂಡರು.

“ಅಯ್ಯೋ ನಾನೇನೂ ಮಾಡ್ಲಿಲ್ಲ ಅಕ್ಕಾ! ಆಣೆ! ಕ್ಲಚ್ಚೂ ಒತ್ತಿದ್ದೆ!”

ರಸ್ತೆಯಲ್ಲಿ ನಾಯಿಯಿಲ್ಲ, ಮಗುವಿಲ್ಲ, ಒಂದು ಪ್ಲಾಸ್ಟಿಕ್ ಕವರೂ ಇಲ್ಲ. ಬ್ರೇಕ್ ಒತ್ತಿದವರು ಅಕ್ಕ. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ, ಕಾರಣವಿಲ್ಲದೆ.

“ಮತ್ತೆ... ಅದು ಯಾತರ ಬಗ್ಗೆ?” ಅಕ್ಕನ ಕಣ್ಣು ನೆಟ್ಟಗೆ ರಸ್ತೆಯ ಮೇಲೆ. ಕಾರಿನಲ್ಲಿ ಇದೊಂದು ಅನುಕೂಲ, ಮುಖ ನೋಡದೆ ಮಾತಾಡಬಹುದು.

“ಯಾವ್ದು?”

“ಆ ಪ್ರಶ್ನೆ.”

“ಓ, ಅದಾ? ಯಾರ ಜೊತೆಗಾದ್ರೂ ದೈಹಿಕ ಸಂಬಂಧ ಇದ್ಯಾ, ಇತ್ತಾ ಅಂತ. ಬಾಯಿಬಿಟ್ಟು ಕೇಳೋಕೆ ನಾಚ್ಕೆ, ಅದಕ್ಕೆ ಮದುವೆ ಅಂತಾರೆ. ಎಲ್ರಿಗೂ ಗೊತ್ತಿರುತ್ತೆ ಅಂದ್ಕೊಂಡಿದ್ದಾರೆ. ಮದುವೆ ಆಗಿಲ್ಲ ಅಂದ್ರೆ ಗರ್ಭಕೋಶದ ಬಾಯಿ ಪರೀಕ್ಷೇನೇ ಮಾಡಲ್ಲ. ಕ್ಯಾನ್ಸರ್ ಶುರುವಾಗೋದು ಅಲ್ಲೇ.”

“ಯಾರ ಜೊತೆಗಾದ್ರೂ ಅಂದ್ರೆ, ಗಂಡಸಿನ ಜೊತೆ.”

“ಗಂಡಸೋ ಹೆಂಗಸೋ ಯಾರಾದ್ರೂ ಸರಿ ಅಕ್ಕ. ಆ ಕ್ಯಾನ್ಸರ್ ತರೋ ವೈರಸ್ಸು ಏನು ಮದುವೆ ಸರ್ಟಿಫಿಕೇಟ್ ನೋಡಿ ಬರುತ್ತಾ? ಚರ್ಮಕ್ಕೆ ಚರ್ಮ ತಾಗಿದ್ರೂ ಬರಬಹುದು. ಹೆಂಗಸರ ಜೊತೆ ಇರೋ ಹೆಂಗಸರಿಗೆ ಏನೂ ಬರಲ್ಲ ಅಂತ ಅವರೂ ಅಂದ್ಕೊಂಡಿರ್ತಾರೆ, ಡಾಕ್ಟ್ರುಗಳೂ ಅಂದ್ಕೊಂಡಿರ್ತಾರೆ. ಇಬ್ರೂ ಸೇರಿ ಸುಮ್ನಿದ್ದು ಸುಮ್ನಿದ್ದು, ಕೊನೆಗೆ ತಡವಾಗಿ ಬರ್ತಾರೆ.” ಸಿಸ್ಟರ್ ಅಕ್ಕನ ಸೀಟಿನ ಮೇಲಿನ ಟವೆಲ್ ನೋಡಿದರು, ಅಕ್ಕನ ಮುಖ ನೋಡಲಿಲ್ಲ. “ಮುಟ್ಟು ನಿಂತ ಮೇಲೆ ರಕ್ತ ಕಂಡ್ರೆ ಒಂದು ವಾರಾನೂ ಕಾಯ್ಬಾರದು ಅಕ್ಕ. ಯಾರಾದ್ರೂ ಸರಿ.”

ಹಿಂದಿನಿಂದ ಯಾರೋ ಹಾರ್ನ್ ಹೊಡೆದರು.

“ಗಾಡಿ ತೆಗೀರಿ,” ಅಂದರು ಅಕ್ಕ. ಆ ಇಡೀ ಕ್ಲಾಸಿನಲ್ಲಿ ಮತ್ತೆ ಕ್ಲಚ್ ಎಂಬ ಪದವೇ ಬರಲಿಲ್ಲ.

ಮರುದಿನ, ಸಿಸ್ಟರ್ ಕೆಲಸ ಮಾಡುವ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಎಲ್ಲರೂ ಜೋಡಿ ಜೋಡಿ. ತಾಯಿ ಮಗಳು, ಗಂಡ ಹೆಂಡತಿ, ಅತ್ತೆ ಸೊಸೆ. ಅಕ್ಕನ ಪಕ್ಕದಲ್ಲಿ ಅವರ ಬ್ಯಾಗು. “ಇಲ್ಲಿ ಯಾರಾದ್ರೂ ಇದ್ದಾರಾ?” ಎಂದು ಒಬ್ಬರು ಕೇಳಿದರು, ಅಕ್ಕ ಬ್ಯಾಗ್ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು: “ನಿಮಗೆ ಸಂಗಾತಿ ಇದ್ದಾರಾ? ಅಥವಾ ಇದ್ರಾ?”

“ಇದ್ರು.”

“ಅವರು ಗಂಡಸಾ, ಹೆಂಗಸಾ? ಯಾರಾದ್ರೂ ಪರೀಕ್ಷೆ ಅದೇ. ನಿಮ್ಮ ಬಗ್ಗೆ ತಪ್ಪು ಬರ್ಕೊಳ್ಳೋದು ಬೇಡ ಅಂತ ಕೇಳಿದೆ. ಹೇಳಲೇಬೇಕು ಅಂತಿಲ್ಲ.”

ಅಕ್ಕ ಗೋಡೆಯ ಮೇಲಿನ ಗಡಿಯಾರ ನೋಡಿದರು, ಕಿಟಕಿ ನೋಡಿದರು, ಕ್ಯಾನ್ವಾಸ್ ಶೂ ನೋಡಿಕೊಂಡರು. ಐನೂರು ಹೆಂಗಸರ ಮೇಲೆ ಕೂಗಿದ ಗಂಟಲಿನಿಂದ ಎದುರಿನವರಿಗೂ ಕೇಳಿಸೀತೋ ಇಲ್ಲವೋ ಅನ್ನುವಷ್ಟು ಸಣ್ಣ ದನಿ ಬಂತು.

“ಹೆಂಗಸು. ಹದಿನಾರು ವರ್ಷ. ಮದುವೆ ಆಗಿಲ್ಲ ಅಂತಾನೇ ಬರ್ಕೊಳ್ಳಿ ಡಾಕ್ಟ್ರೇ. ಆದ್ರೆ ಅವರು ತೀರ್ಕೊಂಡಿದ್ದಾರೆ ಅಂತ್ಲೂ ಬರ್ಕೊಳ್ಳಿ.”

ಡಾಕ್ಟರಮ್ಮ ಎರಡನ್ನೂ ಬರೆದುಕೊಂಡರು.

ಪರೀಕ್ಷೆಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ತಣ್ಣಗಿನ ಸ್ಟೀಲು, ಸ್ವಲ್ಪ ಉರಿ, ಒಂದು ಚೂರು ಮಾಂಸ ತೆಗೆದು ಲ್ಯಾಬಿಗೆ. ನಾಲ್ಕು ತಿಂಗಳು ಹೆದರಿದ್ದು ಇಷ್ಟಕ್ಕಾ ಎಂದು ಅಕ್ಕನಿಗೆ ತಮ್ಮ ಮೇಲೇ ಸಿಟ್ಟು ಬಂತು. ಎಂಟು ದಿನಕ್ಕೆ ರಿಪೋರ್ಟ್ ಬಂತು: ಗರ್ಭಕಂಠದ ಕ್ಯಾನ್ಸರ್, ಮೊದಲ ಹಂತ. ಆಪರೇಷನ್ ಮಾಡಿ ತೆಗೆಯಬಹುದು. “ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ ಹೀಗೆ ಹೇಳೋಕೆ ಆಗ್ತಿರಲಿಲ್ಲ” ಅಂದರು ಡಾಕ್ಟರಮ್ಮ. “ಗುರುವಾರ ಅಡ್ಮಿಟ್ ಆಗಿ. ಜೊತೆಗೆ ಯಾರಿರ್ತಾರೆ?”

ಅಕ್ಕ ಗಾಡಿಯಲ್ಲಿ ಕೂತು ಅತ್ತಿಗೆಗೆ ಫೋನ್ ಮಾಡಿದರು. ಊರಾಚೆ ಇರುವ ಅಣ್ಣನ ಹೆಂಡತಿ, ಭಾನುವಾರಕ್ಕೊಮ್ಮೆ ತಪ್ಪದೆ ಮಾತಾಡಿಸುವವರು ಅವರೊಬ್ಬರೇ.

“ಅಯ್ಯೋ ದೇವ್ರೇ! ಗರ್ಭಕೋಶದ್ದಾ? ಅಲ್ವೇ, ನಿಂಗೆ ಮದುವೇನೇ ಆಗಿಲ್ಲ, ಅದು ನಿಂಗ್ಯಾಕೆ ಬಂತೇ?”

ಬರೀ “ಗೊತ್ತಿಲ್ಲ ಅತ್ತಿಗೆ” ಎಂದಿದ್ದರೆ ಆಗುತ್ತಿತ್ತು. ಅತ್ತಿಗೆ ಅಳುತ್ತ ಬಸ್ಸು ಹತ್ತಿ ಬಂದುಬಿಡುತ್ತಿದ್ದರು. ಅಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಡಾಕ್ಟರಮ್ಮನ ಎದುರು ಒಂದು ಸಲ ಹೊರಬಿದ್ದ ಮಾತನ್ನು ಮತ್ತೆ ನುಂಗಲು ಆಗಲೇ ಇಲ್ಲ.

“ಮೇಡಂ ಇದ್ರಲ್ಲ ಅತ್ತಿಗೆ. ನಾವು ರೂಮ್ ಶೇರ್ ಮಾಡ್ಕೊಂಡಿದ್ದಲ್ಲ. ಸಂಸಾರ ಮಾಡ್ಕೊಂಡಿದ್ದು.”

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು, ಎರಡು ಸಲ ಕೂಗಿತು.

“ನಿಮ್ಮಣ್ಣಂಗೆ ಇದನ್ನೆಲ್ಲ ಹೇಳ್ಬೇಡ,” ಅಂದರು ಅತ್ತಿಗೆ. ಆಮೇಲೆ, “ಗುರುವಾರ ನಂಗೆ ಬರೋಕೆ ಆಗಲ್ಲ ಕಣೇ. ನೋಡ್ತೀನಿ.” ಆ ಭಾನುವಾರ ಫೋನ್ ಬರಲಿಲ್ಲ.

ಗುರುವಾರ ಫಾರ್ಮಿನಲ್ಲಿ ಜೊತೆಗಿರುವವರ ಹೆಸರಿನ ಜಾಗ ಖಾಲಿ. “ನಿಮ್ಮ ಸಹಿ ಸಾಕು, ನಿಮ್ಮ ದೇಹ ತಾನೇ” ಅಂದರು ಡಾಕ್ಟರಮ್ಮ. ಅಕ್ಕ ಒಬ್ಬರೇ ಸಹಿ ಹಾಕಿದರು, ಒಬ್ಬರೇ ಗೌನ್ ಹಾಕಿಕೊಂಡರು, ಒಬ್ಬರೇ ಒಳಗೆ ಹೋದರು. ಆಪರೇಷನ್ ಥಿಯೇಟರಿನ ಬಾಗಿಲವರೆಗೂ ಸಿಸ್ಟರ್ ಇದ್ದರು, ಪಟಪಟ ಮಾತಾಡುತ್ತಲೇ. ಆದರೆ ಅವರಿಗೆ ಆ ದಿನ ಇನ್ನೂ ಆರು ಜನರನ್ನು ಒಳಗೆ ಕಳಿಸಬೇಕಿತ್ತು.

ಮೂರನೆಯ ದಿನ ಮಧ್ಯಾಹ್ನ. ವಾರ್ಡಿನಲ್ಲಿ ನಾಲ್ಕರಿಂದ ಆರು ನೋಡಲು ಬರುವವರ ಸಮಯ. ಪಕ್ಕದ ಬೆಡ್ಡಿನಾಕೆ ಮೂರೂವರೆಗೇ ತಲೆ ಬಾಚಿಕೊಂಡು, ದಿಂಬು ಎತ್ತರ ಮಾಡಿಸಿಕೊಂಡು, ಗಂಡ ಬರುತ್ತಾನೆಂದು ಬಾಗಿಲನ್ನೇ ನೋಡುತ್ತಿದ್ದರು. ಮಾತಿಗೆ ಮಾತು ಬಂತು.

“ನಿಮ್ಮ ಕಡೆಯವರು ಯಾರೂ ಕಾಣಿಸ್ಲಿಲ್ಲ?”

“ಮೂರು ವರ್ಷ ಆಯ್ತು ಅವರು ಹೋಗಿ.”

“ಅಯ್ಯೋ ಪಾಪ. ಮನೆಯವ್ರಾ?”

ಮೇಡಂ ಸತ್ತ ದಿನವೂ ಅಕ್ಕನಿಗೆ ಯಾರೂ ಅಯ್ಯೋ ಪಾಪ ಅಂದಿರಲಿಲ್ಲ. ಹೊಲಿಗೆಯ ಜಾಗ ಎಳೆಯುತ್ತಿದ್ದರೂ ಅವರು ಆ ಕಡೆಗೆ ಹೊರಳಿದರು.

“ಹೂಂ. ಮನೆಯವ್ರೇ. ಸ್ಕೂಲಲ್ಲಿ ಲ್ಯಾಬ್ ನೋಡ್ಕೊಳ್ತಿದ್ರು, ಮೇಡಂ.”

“ಮೇಡಂ ಅಂದ್ರೆ... ಹೆಂಗಸಾ?”

“ಹೆಂಗಸೇ.”

ಆಕೆ “ಓ” ಎಂದು ಆ ಕಡೆ ತಿರುಗಿಕೊಂಡರು. ಹೋಯಿತು, ಇಷ್ಟೇ ಅಂದುಕೊಂಡರು ಅಕ್ಕ. ನಾಲ್ಕಾಯಿತು. ಜನ ಫ್ಲಾಸ್ಕು, ಹಣ್ಣು, ಬಿಸ್ಕತ್ತು ಹಿಡಿದು ಬಂದರು, ಕುರ್ಚಿಗಳು ಒಂದೊಂದಾಗಿ ಬೇರೆ ಬೇರೆ ಬೆಡ್ಡಿನತ್ತ ಸರಿದವು. ನಾಲ್ಕೂವರೆ. ಐದು. ಪಕ್ಕದಾಕೆಯ ಗಂಡ ಬರಲಿಲ್ಲ. ಅದೇ ಹೊತ್ತಿಗೆ ಡಾಕ್ಟರಮ್ಮ ಬಂದು ಅಕ್ಕನ ಕಾಲ ಬಳಿ ನಿಂತರು.

“ತೆಗೆದಿದ್ದೆಲ್ಲ ಲ್ಯಾಬಿಗೆ ಹೋಗಿದೆ, ರಿಪೋರ್ಟ್ ಬರ್ಬೇಕು. ಆದ್ರೆ ನಾವು ನೋಡಿದ ಮಟ್ಟಿಗೆ ಎಲ್ಲೂ ಹರಡಿಲ್ಲ. ಮನೇಲಿ ಹೇಳ್ಬಿಡಿ, ನೆಮ್ಮದಿಯಾಗಿರ್ತಾರೆ.” ಹೇಳಿದ ಮೇಲೆ ಅವರಿಗೇ ನೆನಪಾಗಿ ನಾಲಿಗೆ ಕಚ್ಚಿಕೊಂಡರು, ಅಕ್ಕನ ಪಾದವನ್ನು ಹೊದಿಕೆಯ ಮೇಲಿಂದಲೇ ಒಮ್ಮೆ ಒತ್ತಿ ಮುಂದಿನ ಬೆಡ್ಡಿಗೆ ಹೋದರು.

ಅಕ್ಕ ಫೋನ್ ಕೈಗೆತ್ತಿಕೊಂಡರು. ಬೆರಳು ಮೇಲೆ ಕೆಳಗೆ ಓಡಾಡಿತು, ಐನೂರು ನಂಬರು. ಕೆಳಗಿಟ್ಟರು.

“ಏನಂದ್ರು ಡಾಕ್ಟ್ರು?” ಪಕ್ಕದ ಬೆಡ್ಡಿನಾಕೆ ಇನ್ನೂ ಬಾಗಿಲ ಕಡೆಗೇ ನೋಡುತ್ತ ಕೇಳಿದರು.

“ಹರಡಿಲ್ಲ ಅಂತೆ.”

“ಹರಡಿಲ್ವಾ!” ಆಕೆ ಪೂರ್ತಿ ಈ ಕಡೆ ತಿರುಗಿದರು. “ಇಂಥ ಮಾತನ್ನ ಇಷ್ಟು ಮೆಲ್ಲಗೆ ಹೇಳ್ತಾರೇನ್ರೀ? ಇನ್ನೊಂದ್ಸಲ ಜೋರಾಗಿ ಹೇಳಿ, ಕೇಳ್ತೀನಿ.”