ಪೆಟ್ರೋಲ್ ಲಾರಿಯ ಆರು ವೈರು

ಅಪ್ಪನ ಲಾರಿ ಮೊದಲು ಪೆಟ್ರೋಲಿನದು. ಪೆಟ್ರೋಲ್ ಕುಡಿಸಿ ಕುಡಿಸಿ ಸಾಕಾಗಿ, ತಮ್ಮ ಇನ್ನೂ ತೊಟ್ಟಿಲಲ್ಲಿದ್ದಾಗ, ಅಪ್ಪ ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದರು. ತೆಗೆದ ಎಂಜಿನ್ ಗೋವಿನಕೋವಿಯ ಸೋದರಮಾವನ ಹೊಲದಲ್ಲಿ ನೀರೆತ್ತಿ, ಕೊನೆಗೆ ಕೊಟ್ಟಿಗೆ ಸೇರಿತು. ಅಪ್ಪನೂ ಹೋದರು. ಈಚೆಗೆ ಡೀಸೆಲ್ ಎಂಜಿನ್ ಒಳಗೇ ಬಿಗಿದುಕೊಂಡು ಸೀಜ್ ಆದಾಗ, ನ್ಯಾಮತಿಯಲ್ಲಿ ಗ್ಯಾರೇಜ್ ಇಟ್ಟಿರುವ ತಮ್ಮ ಲಾರಿಯನ್ನು ಗುಜರಿಗೆ ಹಾಕುವ ಮಾತೆತ್ತಿದ. ನನಗೆ ಪಿತ್ತ ನೆತ್ತಿಗೇರಿತು.

“ಹಳೇ ಎಂಜಿನ್ ವಾಪಸ್ ಕೂರಿಸು,” ಅಂದೆ.

“ಅಕ್ಕಾ, ಅದ್ರಾಗೆ ಇಲಿ ಸಂಸಾರ ಮಾಡ್ಯಾವೆ. ಆಯುಧಪೂಜೆ ದಿನ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಗುಜರಿಗೇ. ಆಮ್ಯಾಲೆ ಅಳಬ್ಯಾಡ.”

ಅಳುವ ಪೈಕಿ ನಾನಲ್ಲ.

ಅಪ್ಪ ದೂರಾಲೋಚನೆಯ ಮನುಷ್ಯ. ಚಾಸಿಯಲ್ಲಿ ಹಳೆಯ ಎಂಜಿನ್ ಕೂರುವ ಮೌಂಟಿಂಗುಗಳನ್ನು ಕತ್ತರಿಸಿರಲಿಲ್ಲ, ಹಳೆಯ ಗೇರ್‌ಬಾಕ್ಸನ್ನೂ ಮಾರಿರಲಿಲ್ಲ. ಇಪ್ಪತ್ನಾಲ್ಕು ವೋಲ್ಟ್ ಬ್ಯಾಟರಿ ಹೋಗಿ ಹನ್ನೆರಡರದು ಬಂತು. ಆರು ಸಿಲಿಂಡರಿನ ಎಂಜಿನ್ ಚೈನ್ ಬ್ಲಾಕಿನಿಂದ ಇಳಿದು, ತವರಿಗೆ ಬಂದ ಮಗಳ ಹಾಗೆ ತನ್ನ ಜಾಗದಲ್ಲಿ ಕೂತಿತು. ಡೀಸೆಲ್ಲಿಗಿಂತ ಹಗುರವಾದ್ದರಿಂದ ಲಾರಿಯ ಮೂತಿ ಒಂಚೂರು ಮೇಲೆದ್ದು, ಅದಕ್ಕೊಂದು ಗತ್ತು ಬಂತು.

ಆಯುಧಪೂಜೆ ದಿನ ಕುಂಬಳಕಾಯಿಯೂ ತಯಾರು, ಚನ್ನಗಿರಿಯ ಗುಜರಿಯವರೂ ತಯಾರು. ಬೈಕಿನಲ್ಲಿ ಬಂದವರು ನೆರಳಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ತಮ್ಮ ಕೀ ತಿರುಗಿಸಿದ. ಎಂಜಿನ್ ಗರಗರ ತಿರುಗಿತು, ಡಬ್ ಎಂದು ಬೆಂಕಿ ಉಗುಳಿತು, ಹತ್ತಲಿಲ್ಲ.

“ಏರ್ ಹಿಡಿದೈತೆ,” ಎಂದು ತಮ್ಮ ಸ್ಪ್ಯಾನರ್ ತಗೊಂಡು ಪೈಪಿಗೆ ಕೈ ಹಾಕಿದ.

“ಏರ್ ಹಿಡಿಯೋದು ಡೀಸೆಲ್ಲಿಗೆ, ಪೆಟ್ರೋಲ್ ಎಂಜಿನ್ನಿಗೆ ಏರ್ ತೆಗೆಯಾಕೆ ಹೊಂಟೀಯಲ್ಲೋ! ಸರಿ ಆಕಡೆ.”

ಡೀಸೆಲ್ ಎಂಜಿನ್ನಿನಲ್ಲಿ ಸಿಲಿಂಡರುಗಳಿಗೆ ಎಣ್ಣೆ ಒಯ್ಯುವ ಪೈಪುಗಳು ಬಗ್ಗಿಸಿದ ಕಬ್ಬಿಣದವು. ಯಾವುದು ಯಾವ ಸಿಲಿಂಡರಿನದೋ ಅದಕ್ಕೇ ಕೂರುತ್ತವೆ. ಜೀವಮಾನವೆಲ್ಲ ಡೀಸೆಲ್ ಬಿಚ್ಚಿದವನಿಗೆ ಕ್ರಮ ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ. ಇಲಿ ಕಡಿದ ಪ್ಲಗ್ ವೈರುಗಳ ಬದಲು ಹೊಸವನ್ನು ಹಾಕುವಾಗ, ಕಿಡಿ ಹಂಚುವ ಮುಚ್ಚಳಕ್ಕೆ ಒಂದರ ಪಕ್ಕ ಎರಡು, ಎರಡರ ಪಕ್ಕ ಮೂರು ಎಂದು ಸಾಲಾಗಿ ಚುಚ್ಚಿದ್ದ. ಕಿಡಿ ಬರುತ್ತಿತ್ತು, ಆದರೆ ಒಂದರ ಸರದಿಯಲ್ಲಿ ಇನ್ನೊಂದಕ್ಕೆ.

ಚಿಕ್ಕಂದಿನಲ್ಲಿ ಬಂಪರಿನ ಮೇಲೆ ನಿಂತು ಅಪ್ಪನಿಗೆ ಆ ವೈರು ಕೊಡುತ್ತಿದ್ದವಳು ನಾನು. ಕಿಡಿ ಹೋಗಬೇಕಾದ ಸರದಿಯನ್ನು ಅವರು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, “ಒಂದು, ಐದು, ಮೂರು, ಆರು, ಎರಡು, ನಾಲ್ಕು” ಎಂದು ಜೋರಾಗಿ ಹೇಳುತ್ತಲೇ ವೈರು ಬದಲಿಸಿದೆ.

“ಈಗ ಹೊಡಿ.”

ಹತ್ತಿತು! ಡೀಸೆಲ್ಲಿನ ಬಡಬಡಿಕೆಯಿಲ್ಲದ, ತುಂಬಿದ ಗಂಟಲಿನ ಅದೇ ಸದ್ದು. ಅಪ್ಪ ಓಣಿ ತಿರುವಿನಲ್ಲಿದ್ದಾಗಲೇ ನಮ್ಮ ಮನೆಗೆ ಕೇಳುತ್ತಿದ್ದ ಸದ್ದು. ನನಗೆ ಅಳು ತಡೆಯಲಾಗಲಿಲ್ಲ.

“ಅಳಬ್ಯಾಡ ಅಂದಿದ್ನಲ್ಲಕ್ಕಾ,” ಎಂದ ತಮ್ಮ. ಅವನ ಕಣ್ಣೂ ಒದ್ದೆಯಾಗಿತ್ತು, ಕಳ್ಳ.

ಗುಜರಿಯವರು ಮಂಡಕ್ಕಿ ಪೊಟ್ಟಣ ಮಡಚಿ ಎದ್ದರು. “ಹಬ್ಬದ ದಿನ ಬರಿಗೈಲಿ ಹೆಂಗ್ರೀ ಹೋಗೋದು?”

“ಡೀಸೆಲ್ ಎಂಜಿನ್ ತಗೊಂಡು ಹೋಗ್ರಿ.”

“ಬೈಕ್ ಮ್ಯಾಲಾ?”

ಅದನ್ನು ಅಪ್ಪನ ಲಾರಿಗೇ ಹೇರಿದೆವು. ಕುಂಬಳಕಾಯಿ ಒಡೆದು, ನಾನು ತಮ್ಮನ ಪಕ್ಕದಲ್ಲಿ ಕೂತು ಹೊರಟೆ. ಸಾಸ್ವೆಹಳ್ಳಿ ದಾಟಿ, ಚನ್ನಗಿರಿ ತಲುಪಿ, ಲಾರಿ ಗುಜರಿ ಅಂಗಡಿಯ ಗೇಟು ಹೊಕ್ಕಿತು. ಡೀಸೆಲ್ ಎಂಜಿನ್ ಇಳಿಸಿ, ಹಾರನ್ ಹೊಡೆದು, ಮನೆಗೆ ವಾಪಸ್ ಬಂತು.