ಮಾವನೋರಿಗೆ ಸೆಕೆ

ನಿವಿಯಾಕ್ ಹುಟ್ಟಿದ್ದು ಹಿಮದ ಮನೆಯಲ್ಲಿ, ಹಡೆದದ್ದು ಹಿಮದ ಮನೆಯಲ್ಲಿ, ಅತ್ತೆಯ ಬಾಯಿಗೆ ಸಿಕ್ಕು ಬೆಂದದ್ದೂ ಹಿಮದ ಮನೆಯಲ್ಲೇ. ಹೊರಗೆ ಉಗಿದ ಎಂಜಲು ನೆಲ ಮುಟ್ಟುವ ಮೊದಲೇ ಕಲ್ಲಾಗುವ ಚಳಿ. ಒಳಗೆ ಅವಳ ತಲೆ ಮಾತ್ರ ಸದಾ ಕಾದ ಕೆಂಡ.

ತವರಿನಿಂದ ತಂದದ್ದು ಬಳಪದ ಕಲ್ಲಿನ ಒಂದು ದೀಪ. ಸೀಲ್ ಎಂಬ ಕಡಲಪ್ರಾಣಿಯ ಕೊಬ್ಬು ಜಜ್ಜಿ ಎಣ್ಣೆ ಇಳಿಸಿ, ಅಂಚಿನುದ್ದಕ್ಕೂ ಪಾಚಿಯ ಬತ್ತಿ ಹರವಿ ಉರಿಸುತ್ತಿದ್ದಳು. ಮನೆ ಕಟ್ಟುವವನು ಗಂಡ ತುಲುಗಾಕ್. ಹಿಮ ಕೊಯ್ದು, ಸುತ್ತಿ ಸುತ್ತಿ ಪೇರಿಸಿ, ಹೊತ್ತು ಕಂತುವುದರೊಳಗೆ ಮುಗಿಸುತ್ತಿದ್ದ. ಬಂದವರೆಲ್ಲ ಅವನನ್ನು ಹೊಗಳುತ್ತಿದ್ದರು. ಅದು ತಲೆ ಮೇಲೆ ಕರಗಿ ಬೀಳದಂತೆ ದಿನಾ ಕಾಯುವವಳನ್ನು ಯಾರೂ ಹೊಗಳಿದ್ದಿಲ್ಲ. ಉರಿ ತಗ್ಗಿದರೆ ಬಟ್ಟೆ ಒಣಗದು, ಏರಿದರೆ ಸೂರು ಸೋರುತ್ತದೆ.

ಆ ಚಳಿಗಾಲ ಅತ್ತೆ ಅರ್ನಾಲುಕ್ ಹೊಸದೊಂದು ಚಾಳಿ ಹಿಡಿದಳು. ಸೂರಿನ ನೆತ್ತಿಯ ಗವಾಕ್ಷಿಗೆ ಹಳೆಯ ಕೈಗವಸು ತುರುಕುವುದು, ದೀಪ ದೊಡ್ಡದು ಮಾಡುವುದು.

"ಯಜಮಾನ್ರಿಗೆ ಶೀತ ಆಗ್ತದೆ ಕಣೇ."

ಯಜಮಾನ್ರು ಎಂದರೆ ನಿವಿಯಾಕಳ ಪುಟ್ಟ ಮಗಳು. ಮಾವ ಉಯಾರಾಕ್ ಸತ್ತ ಮೇಲೆ ಹುಟ್ಟಿದ ಮೊದಲ ಕೂಸು, ಹಾಗಾಗಿ ಅವನದೇ ಹೆಸರು. ಹೆಸರು ಬಂತೆಂದರೆ ಸತ್ತವನೇ ಮರಳಿ ಬಂದ ಹಾಗೆ ಎಂಬುದು ಅವರ ನಂಬಿಕೆ. ಅತ್ತೆಗೆ ಅದು ಗಂಡ, ತುಲುಗಾಕನಿಗೆ ಅಪ್ಪ, ಹೆತ್ತವಳಿಗೆ ಮಾವ. ಗದರುವಂತಿಲ್ಲ, ಗದರಿದರೆ ಸತ್ತವನನ್ನೇ ಗದರಿದಂತೆ. ಎಣ್ಣೆಗೆ ಕೈ ಅದ್ದಿ ಕೂತರೂ, "ಮಾವನೋರೇ, ಸ್ವಲ್ಪ ಕೈ ತೆಗೀತೀರಾ?" ಎಂದು ಹಲ್ಲು ಕಚ್ಚಿ ಕೇಳಬೇಕು.

ಅಂದು ತುಲುಗಾಕ್ ಮಂಜುಗಡ್ಡೆಯ ಬಿರುಕಿಗೆ ಕಾಲಿಟ್ಟು, ಕಾಲುಚೀಲ ತೋಯಿಸಿಕೊಂಡು ಬಂದ. ಕೊಬ್ಬು ತಳ ಕಂಡಿತ್ತು. ಬೆಳಿಗ್ಗೆ ಅವನು ಸೀಲ್ ಉಸಿರಾಡಲು ಬರುವ ಮಂಜುಗಡ್ಡೆಯ ಗಂಡಿ ಕಾಯಲು ಹೋಗದಿದ್ದರೆ ದೀಪವೂ ಇಲ್ಲ, ಊಟವೂ ಇಲ್ಲ. ಒದ್ದೆ ಚೀಲದಲ್ಲಿ ಹೋಗಿ ನಿಂತರೆ ಕಾಲ್ಬೆರಳು ಉದುರುತ್ತವೆ.

ನಿವಿಯಾಕ್ ಚೀಲಗಳನ್ನು ದೀಪದ ಮೇಲಿನ ಅಟ್ಟಣಿಗೆಗೆ ಹರವಿ, ನೀರಿಗೆ ಮಂಜುಗಡ್ಡೆ ತರಲು ಹೋದಳು. ತೆವಳಿಕೊಂಡು ಒಳಗೆ ಬಂದು ನೋಡಿದರೆ ದೀಪ ಭಗಭಗ, ಗವಾಕ್ಷಿ ಬಂದ್, ಸೂರಿನಿಂದ ಚೀಲಗಳ ಮೇಲೆ ತೊಟತೊಟ ನೀರು.

"ಅತ್ತೇ! ಮತ್ತೆ ತುರುಕಿದ್ರಾ?"

"ಯಜಮಾನ್ರು ನಡುಗ್ತಿದ್ರು."

"ಬೆವರು ಇಳೀತಿದೆ ಅವರಿಗೆ, ಕಣ್ ಬಿಟ್ ನೋಡಿ!"

"ಅವರ ಜೊತೆ ಸಂಸಾರ ಮಾಡ್ದೋಳು ನಾನಾ, ನೀನಾ?"

ಒಳಗೆ ಮಲಗುವ ಹಿಮದ ಜಗುಲಿಯ ಮೇಲೆ ಕೂತು ಈಟಿಯ ಮೊನೆ ಮಸೆಯುತ್ತಿದ್ದ ತುಲುಗಾಕ್ ತಲೆಯೆತ್ತದೆ ಹೇಳಿದ: "ವಯಸ್ಸಾದೋಳು, ಬಿಡೇ."

"ಬಿಟ್ಟೆ. ನಾಳೆ ನಿನ್ ಬೆರಳೂ ನಿನ್ನ ಬಿಡ್ತವೆ. ಅವನ್ನೂ ಇಲ್ಲೇ ಒಣಗಾಕ್ತೀನಿ."

ಅವನು ಕಾಲ್ಬೆರಳು ಮಡಚಿಕೊಂಡ. ನಿವಿಯಾಕ್ ಹಿಡಿ ಹಿಮ ತಂದು ಸೋರುವ ಕಡೆ ಒತ್ತಿದಳು. ಪಕ್ಕದಲ್ಲಿ ಸೋರಿತು. ಅಲ್ಲಿ ಒತ್ತಿದರೆ ಇನ್ನೊಂದು ಕಡೆ. ರೋಸಿಹೋಗಿ ಜಗುಲಿಯ ಮೇಲೆ ಕುಕ್ಕರಿಸಿದಳು. ಎದುರಿಗೆ ತುಪ್ಪಳದ ರಾಶಿಯೊಳಗೆ ಮಗಳ ಕೆಂಪು ಮೂತಿ. ಈ ಮನೆಯಲ್ಲಿ ಅತ್ತೆ ಎದುರಾಡಲಾಗದವರು ಒಬ್ಬರೇ, ಅವರಿಗಿನ್ನೂ ಮೂಗು ಸೀಟಲು ಬರುತ್ತಿರಲಿಲ್ಲ.

"ಮಾವನೋರೇ, ಚಳಿ ಆಗ್ತಿದೆಯಾ?"

"ಸೆಕೆ!" ಕೂಸು ತುಪ್ಪಳ ಒದ್ದು ಬರಿಮೈಯಲ್ಲಿ ಎದ್ದು ನಿಂತಿತು. ಹನಿಯೊಂದು ನೆತ್ತಿಗೆ ಬಿತ್ತು. "ಥೂ! ನೀರು!"

"ಏನ್ಮಾಡ್ಲಿ, ನೀವೇ ಅಪ್ಪಣೆ ಕೊಡಿ."

ಅದು ಮೇಲೆ ನೋಡಿ ಕೈಗವಸಿನತ್ತ ಬೆರಳು ಮಾಡಿತು. "ಅದು ತೆಗಿ!"

"ಕೇಳಿಸ್ತಾ ಅತ್ತೆ? ಯಜಮಾನ್ರ ಮಾತು."

ಅರ್ನಾಲುಕ್ ಸೊಸೆಯನ್ನು ನುಂಗುವಂತೆ ನೋಡಿದಳು. ಆಮೇಲೆ ಕೋಲು ಎತ್ತಿ ಕೈಗವಸು ಕಿತ್ತಳು. "ಬದುಕಿದ್ದಾಗ್ಲೂ ಹೀಗೇ. ಒಂದಿನ ನನ್ ಕಡೆ ಮಾತಾಡ್ಲಿಲ್ಲ ಈ ಮನುಷ್ಯ."

ನಿವಿಯಾಕ್ ಉರಿ ತಗ್ಗಿಸಿ ಚೀಲ ಹಿಂಡಿ ಮತ್ತೆ ಹರವಿದಳು. ಸೂರು ಗಟ್ಟಿಯಾಯಿತು. ಬೆಳಿಗ್ಗೆ ತುಲುಗಾಕ್ ಒಣ ಚೀಲ ಏರಿಸಿ, ಹೆಂಡತಿಗೆ ಒಂದು ಮಾತೂ ಹೇಳದೆ, ನಾಯಿಗಳನ್ನು ಮಾತ್ರ ಮುದ್ದಿಸಿ ಹೊರಟ.

ಅವಳು ಉಸಿರು ಬಿಡುವಷ್ಟರಲ್ಲಿ ಕೂಸು ಎದ್ದಿತು. "ನಂಗೆ ಮಜ್ಜೆ."

"ಇರೋದು ಒಂದೇ ಮೂಳೆ, ನಿಮ್ಮ ಮಗನಿಗೆ ಇಟ್ಟಿದೀನಿ."

"ನಾನು ಯಜಮಾನ್ರು!"

ತುಪ್ಪಳದೊಳಗೆ ಅತ್ತೆ ಕುಲುಕುಲು ನಕ್ಕಳು. ನಿವಿಯಾಕ್ ಕಲ್ಲು ಎತ್ತಿ ಮೂಳೆಯನ್ನು ಜೋರಾಗಿ ಕುಟ್ಟಿದಳು.

"ತಗೊಳ್ಳಿ ಮಾವನೋರೇ. ಮೊದ್ಲು ಸಿಂಬಳ ಒರೆಸ್ಕೊಳ್ಳಿ."